ಬೇವಿನ ನಿರೋಧಕ ಸಂಯುಕ್ತಗಳು

ಬೇವಿನ ಮರದ ಬೀಜ, ಎಲೆ, ತೊಗಟೆಗಳಲ್ಲಿ ಸಹಜವಾಗಿ ಉಂಟಾಗಿ ಶಿಲೀಂಧ್ರ, ಬ್ಯಾಕ್ಟೀರಿಯಾ, ಬೇರಿನ ಜಂತುಹುಳು ಮತ್ತು ಕೀಟಗಳ ಬೆಳವಣಿಗೆಯನ್ನು ತಡೆಯುವ ಕಹಿ ಪದಾರ್ಥಗಳ ಸಮೂಹವನ್ನು ಬೇವಿನ ನಿರೋಧಕ ಸಂಯುಕ್ತಗಳು ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಲಿಮೊನಾಯ್ಡ್ ಎಂಬ ರಾಸಾಯನಿಕ ವರ್ಗಕ್ಕೆ ಸೇರಿವೆ. ಅಜಾಡಿರಾಕ್ಟಿನ್, ನಿಂಬಿನ್, ನಿಂಬೊಲೈಡ್, ಸಲಾನಿನ್ ಮತ್ತು ಗೆಡುನಿನ್ ಮುಖ್ಯವಾದವು. ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಕೀಟನಾಶಕ ಮತ್ತು ಶಿಲೀಂಧ್ರನಾಶಕಗಳಿಗೆ ಪರ್ಯಾಯವಾಗಿ, ಅಥವಾ ಅವುಗಳ ಪ್ರಮಾಣವನ್ನು ತಗ್ಗಿಸುವ ಸಾಧನವಾಗಿ ಇವು ಬಳಕೆಯಲ್ಲಿವೆ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳಲ್ಲಿ ಬೇವು ಹೊಲದ ಬದುವಿನಲ್ಲೇ ಬೆಳೆಯುತ್ತದೆ, ರಾಸಾಯನಿಕ ಸಿಂಪಡಣೆಯೂ ಅದೇ ಹೊಲಗಳಲ್ಲಿ ನಡೆಯುತ್ತದೆ. ಆದ್ದರಿಂದ ಈ ಸಂಯುಕ್ತಗಳ ಶಕ್ತಿ ಮತ್ತು ಮಿತಿ ಎರಡನ್ನೂ ಈ ನೆಲದ ಬೆಳೆಗಳ ಹಿನ್ನೆಲೆಯಲ್ಲಿ ಇಲ್ಲಿ ವಿವರಿಸಲಾಗಿದೆ.

ಪರಿಭಾಷೆ

ಬೇವಿನ ಬಗೆಗಿನ ಬರಹಗಳಲ್ಲಿ ಹಲವು ಬೇರೆ ಬೇರೆ ಗುಣಗಳು ಒಂದೇ ಹೆಸರಿನಡಿ ಬೆರೆತುಹೋಗಿವೆ. ಈ ಲೇಖನದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ವೈರಾಣುಗಳ ಮೇಲಿನ ಪರಿಣಾಮಕ್ಕೆ ಮಾತ್ರ ಸೂಕ್ಷ್ಮಜೀವಿನಿರೋಧಕ ಎಂಬ ಪದವನ್ನು ಬಳಸಲಾಗಿದೆ. ಜೀವಿಯನ್ನು ಕೊಲ್ಲುವ ಪದಾರ್ಥ ನಾಶಕ. ಕೊಲ್ಲದೆ ಬೆಳವಣಿಗೆಯನ್ನು ನಿಲ್ಲಿಸುವುದು ಸ್ತಂಭಕ. ಕೀಟವು ಎಲೆಯನ್ನು ತಿನ್ನದಂತೆ ಮಾಡುವುದು ಭಕ್ಷಣನಿರೋಧಕ. ಬೇವಿನ ಪ್ರಸಿದ್ಧಿಗೆ ಕಾರಣವಾದ ಅಜಾಡಿರಾಕ್ಟಿನ್ ಮುಖ್ಯವಾಗಿ ಭಕ್ಷಣನಿರೋಧಕ ಮತ್ತು ಕೀಟಗಳ ಬೆಳವಣಿಗೆಯನ್ನು ಕೆಡಿಸುವ ಪದಾರ್ಥವೇ ಹೊರತು ಸೂಕ್ಷ್ಮಜೀವಿಗಳ ಮೇಲೆ ಅದರ ಪ್ರಭಾವ ಹೆಚ್ಚಿನದಲ್ಲ. ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುವ ಕೆಲಸ ನಿಂಬೊಲೈಡ್, ಗೆಡುನಿನ್, ನಿಂಬಿಡಿನ್, ಗಂಧಕಯುಕ್ತ ಪದಾರ್ಥಗಳು ಮತ್ತು ಬೇವಿನ ಎಣ್ಣೆಯ ಕೊಬ್ಬಿನಂಶದ್ದು. ಹೊಲದಲ್ಲಿ ಬೇವು ಕೆಲಸ ಮಾಡಲಿಲ್ಲವೆಂಬ ದೂರುಗಳಲ್ಲಿ ಎಷ್ಟೋ ಈ ವ್ಯತ್ಯಾಸವನ್ನು ಗಮನಿಸದೆ ಹುಟ್ಟಿದವು.

ಮರ ಮತ್ತು ನೆಲ

ಬೇವಿನ ಸಸ್ಯಶಾಸ್ತ್ರೀಯ ಹೆಸರು ಅಜಾಡಿರಾಕ್ಟಾ ಇಂಡಿಕಾ. ಇದು ಮಹಾಗನಿ ಮರದ ಕುಟುಂಬವಾದ ಮೀಲಿಯೇಸಿಗೆ ಸೇರಿದೆ. 1753ರಲ್ಲಿ ಲಿನೇಯಸ್ ಇದನ್ನು ಮೀಲಿಯಾ ಕುಲದಲ್ಲಿ ಇರಿಸಿದ್ದ. 1830ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಆದ್ರಿಯಾ ದ ಜ್ಯೂಸಿಯೂ ಪ್ರತ್ಯೇಕ ಕುಲಕ್ಕೆ ಸೇರಿಸಿದ. ಇದೇ ಕುಟುಂಬದ ಹುಚ್ಚುಬೇವು ನೋಟಕ್ಕೆ ಹತ್ತಿರವಾದರೂ ಅದರ ಹಣ್ಣು ಜಾನುವಾರುಗಳಿಗೂ ಮನುಷ್ಯರಿಗೂ ವಿಷಕಾರಿ. ಆದ್ದರಿಂದ ಬೀಜ ಆಯುವಾಗ ಎರಡನ್ನೂ ಬೆರೆಸಬಾರದು.

ಬೇವು ಒಣ ನೆಲದ ಮರ. ವರ್ಷಕ್ಕೆ ಸುಮಾರು 400ರಿಂದ 1,200 ಮಿ.ಮೀ. ಮಳೆ ಬೀಳುವ ಪ್ರದೇಶ ಅದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ನೆಲವನ್ನು ಅದು ಸಹಿಸದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿನಲ್ಲಿ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸಿನಲ್ಲಿದೆ. ಚಿನ್ನದ ಗಣಿಯ ಊರಾದ ಹಟ್ಟಿ, ಅದರ ಸುತ್ತಲಿನ ಲಿಂಗಸುಗೂರು ತಾಲ್ಲೂಕು ಮತ್ತು ಮಸ್ಕಿಯ ಮಳೆಯಾಶ್ರಿತ ಹೊಲಗಳಲ್ಲಿ ಬೇವು ಯಾರೂ ನೆಡದೆ ಹುಟ್ಟುತ್ತದೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಬದು ಮತ್ತು ದಾರಿಬದಿಗಳಿಗೆ ಹರಡುತ್ತವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈ ಮರ ‘ಬೇವಿನ ಗಿಡ’. ಸಿಂಧನೂರಿನ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನೀರು ನಿಲ್ಲುವುದರಿಂದ ಅಲ್ಲಿ ಬೇವು ಊರಂಚು, ರಸ್ತೆಬದಿ ಮತ್ತು ಎತ್ತರದ ಬದುಗಳಿಗೆ ಸೀಮಿತ.

ಯುಗಾದಿಯ ಹೊತ್ತಿಗೆ ಹೂಬಿಟ್ಟು, ಮುಂಗಾರು ಹಿಡಿಯುವ ಕಾಲದಲ್ಲಿ ಹಣ್ಣಾಗುವುದು ಈ ಭಾಗದ ಬೇವಿನ ಋತುಕ್ರಮ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ 30ರಿಂದ 50 ಕಿಲೋ ಹಣ್ಣು ಕೊಡುತ್ತದೆ. ಹಣ್ಣು ಉದುರುವ ಕಾಲವೂ ಬಿತ್ತನೆಯ ಕಾಲವೂ ಒಂದೇ ಆಗಿರುವುದರಿಂದ ಆಯಲು ಆಳು ಸಿಗುವುದಿಲ್ಲ. ಮಳೆಗೆ ಸಿಕ್ಕ ಹಣ್ಣು ನೆಲದಲ್ಲೇ ಬೂಷ್ಟು ಹಿಡಿಯುತ್ತದೆ. ಬೇವಿನ ಉದ್ಯಮದ ಕಚ್ಚಾವಸ್ತುವಿನ ಕೊರತೆಗೆ ಮರಗಳ ಅಭಾವಕ್ಕಿಂತ ಈ ಕಾಲದ ತಿಕ್ಕಾಟ ದೊಡ್ಡ ಕಾರಣ.

ಶೋಧನೆಯ ಇತಿಹಾಸ

ಬೇವಿನ ಕಹಿಯನ್ನು ಪದಾರ್ಥಗಳಾಗಿ ಬೇರ್ಪಡಿಸಿದ ಮೊದಲ ಮುಖ್ಯ ಕೆಲಸ ರಸಾಯನವಿಜ್ಞಾನಿ ಸಲೀಮುಜ್ಜಮಾನ್ ಸಿದ್ದೀಕಿ ಅವರದು. ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಮೂರು ಕಹಿ ಅಂಶಗಳನ್ನು ಬೇರ್ಪಡಿಸಿದ ವಿವರವನ್ನು ಅವರು 1942ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ದಂಡು ಸುತ್ತಲಿನ ಹಸಿರನ್ನೆಲ್ಲ ಮುಗಿಸಿ ಬೇವನ್ನು ಮಾತ್ರ ಬಿಟ್ಟುಹೋದುದನ್ನು ಜರ್ಮನ್ ಕೀಟವಿಜ್ಞಾನಿ ಹೈನ್‌ರಿಖ್ ಶ್ಮುಟ್ಟರರ್ ಗಮನಿಸಿದರು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು, ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಸಿಂಪಡಿಸಿದ ಬೆಳೆಯನ್ನು ಮಿಡತೆಗಳು ಮುಟ್ಟುವುದಿಲ್ಲವೆಂದು ತೋರಿಸಿದರು. ಹಳ್ಳಿಯ ರೈತ ಯಾವ ಯಂತ್ರವೂ ಇಲ್ಲದೆ ಮಾಡಿಕೊಳ್ಳಬಹುದಾದ ಸಿಂಪಡಣೆಗೆ ವೈಜ್ಞಾನಿಕ ಆಧಾರ ದೊರೆತದ್ದು ಈ ಪ್ರಯೋಗದಿಂದ. ಆ ಕಾರಣಕ್ಕೆ ಇದಕ್ಕೆ ಸಿಕ್ಕಿರುವುದಕ್ಕಿಂತ ಹೆಚ್ಚಿನ ಮನ್ನಣೆ ಸಲ್ಲಬೇಕು.

ಅಜಾಡಿರಾಕ್ಟಿನ್ನನ್ನು 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಬೇರ್ಪಡಿಸಿದರು. ಅದರ ಅಣುರಚನೆ ಖಚಿತವಾಗಲು 1980ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು. ಕೇಂಬ್ರಿಜ್‌ನಲ್ಲಿ ಸ್ಟೀವನ್ ಲೇ ಅವರ ತಂಡ 22 ವರ್ಷಗಳ ದುಡಿಮೆಯ ನಂತರ 2007ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಪೂರ್ಣವಾಗಿ ಸಂಶ್ಲೇಷಿಸಿತು. ಹಂತಗಳು ಅತಿ ಹೆಚ್ಚು, ಇಳುವರಿ ಅತಿ ಕಡಿಮೆ ಇರುವುದರಿಂದ ಆ ಮಾರ್ಗ ಕೈಗಾರಿಕೆಗೆ ಒದಗುವಂಥದ್ದಲ್ಲ. ಮಾರುಕಟ್ಟೆಯಲ್ಲಿರುವ ಅಜಾಡಿರಾಕ್ಟಿನ್ ಇಂದಿಗೂ ಮರದ ಬೀಜದಿಂದ ತೆಗೆದದ್ದೇ.

ರಚನೆ ಮತ್ತು ವಿಧಗಳು

ಲಿಮೊನಾಯ್ಡ್‌ಗಳು ಟ್ರೈಟರ್ಪಿನಾಯ್ಡ್ ಎಂಬ ದೊಡ್ಡ ವರ್ಗದಿಂದ ಬಂದವು. ಮೂಲದಲ್ಲಿ 30 ಇಂಗಾಲದ ಪರಮಾಣುಗಳಿದ್ದ ಅಣುವಿನಿಂದ ನಾಲ್ಕು ಕಳಚಿ, ಉಳಿದ 26ರ ಚೌಕಟ್ಟಿಗೆ ಒಂದು ಫ್ಯೂರಾನ್ ಉಂಗುರ ಸೇರಿಕೊಂಡಾಗ ಲಿಮೊನಾಯ್ಡ್ ಆಗುತ್ತದೆ. ಬೇವಿನಿಂದ ನೂರಕ್ಕೂ ಹೆಚ್ಚು ಇಂಥ ಸಂಯುಕ್ತಗಳನ್ನು ಗುರುತಿಸಲಾಗಿದೆ.

ಅಜಾಡಿರಾಕ್ಟಿನ್‌ನ ಅಣುಸೂತ್ರದಲ್ಲಿ 35 ಇಂಗಾಲ, 44 ಜಲಜನಕ ಮತ್ತು 16 ಆಮ್ಲಜನಕ ಪರಮಾಣುಗಳಿವೆ. ಇದು ಬೀಜದ ತಿರುಳಿನಲ್ಲಿ ಸಾಂದ್ರವಾಗಿದ್ದು, ತಿರುಳಿನ ತೂಕದ ಶೇ. 0.2ರಿಂದ 0.6ರಷ್ಟು ಇರುತ್ತದೆ. ಎಲೆಯಲ್ಲಿ ಅದರ ಪ್ರಮಾಣ ಬಹಳ ಕಡಿಮೆ. ಎಲೆಯ ಕಷಾಯ ಮತ್ತು ಬೀಜದ ಕಷಾಯ ಒಂದಕ್ಕೊಂದು ಬದಲಿಯಾಗಲಾರವು ಎಂಬುದು ಇದರಿಂದ ಸ್ಪಷ್ಟ. ಸಲಾನಿನ್ ಕೂಡ ಬೀಜದಲ್ಲೇ ಹೆಚ್ಚು, ಅದೂ ಭಕ್ಷಣನಿರೋಧಕ.

ನಿಂಬೊಲೈಡ್ ಎಲೆಯ ಮುಖ್ಯ ಲಿಮೊನಾಯ್ಡ್. ಪ್ರಯೋಗಾಲಯದಲ್ಲಿ ಇದು ಬ್ಯಾಕ್ಟೀರಿಯಾ ಮತ್ತು ಮಲೇರಿಯಾ ಪರಾವಲಂಬಿಗಳ ಮೇಲೆ ಪರಿಣಾಮ ತೋರಿದೆ. ಗೆಡುನಿನ್‌ಗೂ ಶಿಲೀಂಧ್ರ ಮತ್ತು ಮಲೇರಿಯಾ ಪರಾವಲಂಬಿಗಳನ್ನು ತಡೆಯುವ ಗುಣವಿದೆ. ಎಣ್ಣೆಯಲ್ಲಿರುವ ಮಹಮೂದಿನ್ ಬ್ಯಾಕ್ಟೀರಿಯಾ ನಿರೋಧಕ. ನಿಂಬಿಡಿನ್ ಒಂದೇ ಅಣುವಲ್ಲ, ಹಲವು ಕಹಿ ಅಂಶಗಳ ಮಿಶ್ರಣ. ತೊಗಟೆಯ ಮಾರ್ಗೊಲೋನ್ ಮತ್ತು ಅದರ ಸಂಬಂಧಿಗಳು ಲಿಮೊನಾಯ್ಡ್‌ಗಳಲ್ಲ. ಅವು ಡೈಟರ್ಪಿನಾಯ್ಡ್‌ಗಳು, ಬ್ಯಾಕ್ಟೀರಿಯಾ ನಿರೋಧಕಗಳು. ಎಲೆಯಲ್ಲಿರುವ ಗಂಧಕದ ಉಂಗುರ ಸಂಯುಕ್ತಗಳು ಚರ್ಮದ ಗಜಕರ್ಣಕ್ಕೆ ಕಾರಣವಾಗುವ ಶಿಲೀಂಧ್ರವನ್ನು ತಡೆಯುತ್ತವೆ. ಬೆಳ್ಳುಳ್ಳಿಯನ್ನು ನೆನಪಿಸುವ ಬೇವಿನ ಎಣ್ಣೆಯ ಕಟುವಾಸನೆಗೂ ಗಂಧಕದ ಅಂಶಗಳೇ ಮೂಲ. ತಿರುಳಿನಲ್ಲಿ ಶೇ. 40ರ ಆಸುಪಾಸಿನಲ್ಲಿರುವ ಎಣ್ಣೆ ಬಹುಪಾಲು ಓಲಿಯಿಕ್, ಸ್ಟಿಯರಿಕ್, ಪಾಮಿಟಿಕ್ ಮತ್ತು ಲಿನೋಲಿಯಿಕ್ ಆಮ್ಲಗಳಿಂದಾದದ್ದು.

ಕ್ರಿಯಾವಿಧಾನ

ಕೀಟದ ಬಾಯಿಯ ರುಚಿಗ್ರಾಹಕಗಳನ್ನು ಅಜಾಡಿರಾಕ್ಟಿನ್ ಕೆರಳಿಸುವುದರಿಂದ ಹುಳು ಎಲೆಯನ್ನು ಕಚ್ಚಿ ಬಿಟ್ಟುಬಿಡುತ್ತದೆ. ತಿಂದರೂ ಅದರ ಪೊರೆ ಕಳಚುವ ಕ್ರಮ ಕೆಡುತ್ತದೆ. ಪೊರೆ ಕಳಚಲು ಬೇಕಾದ ಎಕ್ಡೈಸೋನ್ ಹಾರ್ಮೋನು ಸರಿಯಾದ ಸಮಯಕ್ಕೆ ಸ್ರವಿಸದೆ, ಮರಿ ಅರೆಕಳಚಿದ ಪೊರೆಯಲ್ಲೇ ಸಿಲುಕಿ ಸಾಯುತ್ತದೆ. ಬದುಕುಳಿದ ಹೆಣ್ಣುಗಳು ಇಡುವ ಮೊಟ್ಟೆಗಳ ಸಂಖ್ಯೆಯೂ ಇಳಿಯುತ್ತದೆ. ಇದೆಲ್ಲ ನಡೆಯಲು ದಿನಗಳು ಬೇಕು. ಸಂಶ್ಲೇಷಿತ ನರವಿಷ ಹೊಡೆದ ಹೊಲದಲ್ಲಿ ಸಂಜೆಗೇ ಹುಳು ಉದುರಿ ಬೀಳುತ್ತವೆ. ಬೇವು ಹೊಡೆದ ಹೊಲದಲ್ಲಿ ಮರುದಿನವೂ ಹುಳು ಕಾಣುತ್ತವೆ, ಆದರೆ ತಿನ್ನುವುದನ್ನು ನಿಲ್ಲಿಸಿರುತ್ತವೆ. ಅಜಾಡಿರಾಕ್ಟಿನ್ ಕೀಟದೊಳಗೆ ಯಾವ ಅಣುವಿಗೆ ಅಂಟಿ ಇದನ್ನೆಲ್ಲ ಮಾಡುತ್ತದೆಂಬುದು ನಿಶ್ಚಿತವಾಗಿಲ್ಲ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅದನ್ನು ಕ್ರಿಯಾವಿಧಾನ ಖಚಿತವಾಗದ ಗುಂಪಿನಲ್ಲೇ ಇಡಲಾಗಿದೆ.

ಶಿಲೀಂಧ್ರಗಳ ಮೇಲೆ ಬೇವಿನ ಎಣ್ಣೆಯ ಕೆಲಸ ಬೇರೆ ಬಗೆಯದು. ಎಲೆಯ ಮೇಲೆ ತೆಳುವಾದ ಜಿಡ್ಡಿನ ಪದರ ಹರಡಿ, ಶಿಲೀಂಧ್ರದ ಬೀಜಕಗಳು ಮೊಳೆತು ಎಲೆಯೊಳಗೆ ಇಳಿಯುವುದನ್ನು ಅದು ತಡೆಯುತ್ತದೆ. ಬೂದಿರೋಗ ಮತ್ತು ತುಕ್ಕುರೋಗಗಳಂತೆ ಎಲೆಯ ಮೇಲ್ಮೈಯಿಂದ ಆರಂಭವಾಗುವ ರೋಗಗಳಲ್ಲಿ ಇದು ಫಲ ಕೊಡುವುದು ಈ ಕಾರಣಕ್ಕೆ. ಶಿಲೀಂಧ್ರ ಒಳಗೆ ಬೇರೂರಿದ ಮೇಲೆ ಎಣ್ಣೆಯ ಪ್ರಯೋಜನ ಕಡಿಮೆ. ಅಜಾಡಿರಾಕ್ಟಿನ್ ತೆಗೆದ ನಂತರ ಉಳಿಯುವ ಶುದ್ಧೀಕರಿಸಿದ ಎಣ್ಣೆಯೂ ಶಿಲೀಂಧ್ರನಾಶಕವಾಗಿ ಅಮೆರಿಕದಲ್ಲಿ ನೋಂದಣಿಯಾಗಿದೆ. ಕೀಟದ ಮೇಲೆ ಕೆಲಸ ಮಾಡುವ ಅಂಶ ಬೇರೆ, ಶಿಲೀಂಧ್ರದ ಮೇಲೆ ಕೆಲಸ ಮಾಡುವ ಅಂಶ ಬೇರೆ ಎಂಬುದಕ್ಕೆ ಇದೇ ನೇರವಾದ ಸಾಕ್ಷ್ಯ.

ಶುದ್ಧ ಅಣುವಿಗಿಂತ ಮಿಶ್ರಣವೇ ಬಾಳಿಕೆ ಬರುವುದು ಎಂಬುದನ್ನು 1995ರಲ್ಲಿ ಪ್ರಕಟವಾದ ಕೆನಡಾದ ಒಂದು ಪ್ರಯೋಗ ತೋರಿಸಿತು. ಹಸಿರು ಹೇನುಗಳ 40 ತಲೆಮಾರುಗಳಿಗೆ ಶುದ್ಧ ಅಜಾಡಿರಾಕ್ಟಿನ್ ಕೊಟ್ಟಾಗ ಅವುಗಳಲ್ಲಿ ಒಂಬತ್ತು ಪಟ್ಟು ಸಹನಶಕ್ತಿ ಬೆಳೆಯಿತು; ಬೇವಿನ ಬೀಜದ ಸಾರವನ್ನು ಕೊಟ್ಟ ಹೇನುಗಳಲ್ಲಿ ಸಹನಶಕ್ತಿ ಬೆಳೆಯಲಿಲ್ಲ. ಹಲವು ಸಂಯುಕ್ತಗಳು ಏಕಕಾಲಕ್ಕೆ ಎರಗಿದಾಗ ಕೀಟಕ್ಕೆ ಒಗ್ಗಿಕೊಳ್ಳುವ ದಾರಿ ಸುಲಭವಾಗಿ ಸಿಗುವುದಿಲ್ಲ.

ತಯಾರಿಕೆ

ಹೊಲದಲ್ಲೇ ಮಾಡಿಕೊಳ್ಳುವ ಸಿಂಪಡಣೆಗಳಲ್ಲಿ ಶೇ. 5ರ ಬೇವಿನ ಬೀಜದ ಕಷಾಯ ಅತಿ ಮುಖ್ಯವಾದದ್ದು. ನೆರಳಲ್ಲಿ ಒಣಗಿಸಿದ ಬೀಜದ ಸಿಪ್ಪೆ ತೆಗೆದು, 5 ಕಿಲೋ ತಿರುಳನ್ನು ಕುಟ್ಟಿ ಪುಡಿಮಾಡಿ, ತೆಳುಬಟ್ಟೆಯಲ್ಲಿ ಕಟ್ಟಿ ಸುಮಾರು 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಬೆರೆಸಿ, ಎಲೆಗೆ ಅಂಟಲೆಂದು ಸ್ವಲ್ಪ ಸಾಬೂನು ಪುಡಿ ಹಾಕುತ್ತಾರೆ. ಕಷಾಯವನ್ನು ಅಂದೇ ಬಳಸಬೇಕು. ಇಟ್ಟರೆ ಶಕ್ತಿ ಕುಂದುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅಜಾಡಿರಾಕ್ಟಿನ್ ಬೇಗ ಒಡೆಯುವುದರಿಂದ ಸಂಜೆಯ ಸಿಂಪಡಣೆ ಸೂಕ್ತ. ಅದು ತುಸು ಆಮ್ಲೀಯ ದ್ರಾವಣದಲ್ಲಿ ಸ್ಥಿರವಾಗಿದ್ದು ಕ್ಷಾರದಲ್ಲಿ ಹಾಳಾಗುತ್ತದೆ. ಎರೆಭೂಮಿಯ ಎಷ್ಟೋ ಕೊಳವೆಬಾವಿಗಳ ನೀರು ಸವುಳು ಮತ್ತು ಕ್ಷಾರೀಯವಾಗಿರುವುದರಿಂದ, ರಾಯಚೂರು ಭಾಗದಲ್ಲಿ ಕಷಾಯಕ್ಕೆ ಯಾವ ನೀರು ಬಳಸುತ್ತಾರೆ ಎಂಬುದೂ ಫಲಿತಾಂಶವನ್ನು ನಿರ್ಧರಿಸುತ್ತದೆ.

ಗಾಣದಲ್ಲಿ ತೆಗೆದ ಬೇವಿನ ಎಣ್ಣೆಯನ್ನು ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಪ್ರಮಾಣದಲ್ಲಿ, ಸಾಬೂನಿನೊಂದಿಗೆ ಕದಡಿ ಹೊಡೆಯುತ್ತಾರೆ. ಎಣ್ಣೆ ತೆಗೆದ ಮೇಲೆ ಉಳಿಯುವ ಬೇವಿನ ಹಿಂಡಿ ಗೊಬ್ಬರವೂ ಹೌದು, ಮಣ್ಣಿನ ಜಂತುಹುಳು ನಿರೋಧಕವೂ ಹೌದು. ಸುಭಾಷ್ ಪಾಳೇಕರ್ ಪ್ರಚಾರಪಡಿಸಿದ ಶೂನ್ಯ ಬಂಡವಾಳ ಕೃಷಿ 2000ದ ದಶಕದಲ್ಲಿ ಕರ್ನಾಟಕದಲ್ಲಿ ಹರಡಿದಾಗ ಬೇವಿನ ಎಲೆ, ಗೋಮೂತ್ರ, ಸಗಣಿ ಬೆರೆಸಿದ ‘ನೀಮಾಸ್ತ್ರ’ವೂ ಹಳ್ಳಿಗಳನ್ನು ತಲುಪಿತು. ಅದರಲ್ಲಿ ಎಲೆಯೇ ಮುಖ್ಯವಾದ್ದರಿಂದ ಅಜಾಡಿರಾಕ್ಟಿನ್ ಅಂಶ ಬೀಜದ ಕಷಾಯದಷ್ಟು ಇರುವುದಿಲ್ಲ.

ಕಾರ್ಖಾನೆಯ ತಯಾರಿಕೆಗಳು 1968ರ ಕೀಟನಾಶಕ ಕಾಯ್ದೆಯ ಅಡಿ ನೋಂದಣಿಯಾಗುತ್ತವೆ. ಲೇಬಲ್ಲಿನ ಮೇಲಿನ 300, 1,500, 10,000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಎಂಬ ಅಂಕಿಗಳು ಅಜಾಡಿರಾಕ್ಟಿನ್ ಪ್ರಮಾಣವನ್ನಷ್ಟೇ ಹೇಳುತ್ತವೆ; ಶಿಲೀಂಧ್ರವನ್ನು ತಡೆಯುವ ಉಳಿದ ಅಂಶಗಳ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ರೋಗಕ್ಕೆಂದು ಬೇವಿನ ಔಷಧ ಕೊಳ್ಳುವ ರೈತನಿಗೆ ಈ ಅಳತೆ ಪೂರ್ಣ ಮಾಹಿತಿಯಲ್ಲ.

ಬಳಕೆ

ಹತ್ತಿ ಮತ್ತು ತೊಗರಿ. ಲಿಂಗಸುಗೂರು, ಮಸ್ಕಿ ಭಾಗದ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ, ತೊಗರಿ, ಕಡಲೆ, ಸಜ್ಜೆ, ಜೋಳ, ಸೂರ್ಯಕಾಂತಿ ಬೆಳೆಯುತ್ತವೆ. ಹತ್ತಿ ಮತ್ತು ತೊಗರಿಯ ಕಾಯಿಕೊರಕ ಮೊಟ್ಟೆಯ ಹಂತದಲ್ಲಿ ಅಥವಾ ಎಳೆ ಮರಿಯಾಗಿರುವಾಗ ಬೀಜದ ಕಷಾಯ ಹೊಡೆದರೆ ಪ್ರಯೋಜನವಿದೆ. ಮರಿ ಕಾಯಿಯೊಳಗೆ ಹೊಕ್ಕ ಮೇಲೆ ಸಿಂಪಡಿಸಿದ ಯಾವ ಬೇವೂ ಅದನ್ನು ಮುಟ್ಟುವುದಿಲ್ಲ. ಹತ್ತಿಯ ಬಿಳಿನೊಣ, ಹೇನು, ಜಿಗಿಹುಳುಗಳ ಮೇಲೆ ಎಣ್ಣೆ ಮತ್ತು ಕಷಾಯ ಎರಡೂ ಬಳಕೆಯಲ್ಲಿವೆ. ಜೇಡ, ಗುಲಗಂಜಿ ಹುಳು ಮತ್ತು ಪರತಂತ್ರ ಕಣಜಗಳಂಥ ಉಪಕಾರಿ ಜೀವಿಗಳಿಗೆ ಬೇವಿನಿಂದ ಆಗುವ ಹಾನಿ ಕಡಿಮೆ. ಸಮಗ್ರ ಪೀಡೆ ನಿರ್ವಹಣೆಯಲ್ಲಿ ಮೊದಲ ಸಿಂಪಡಣೆಯ ಸ್ಥಾನವನ್ನು ಅದಕ್ಕೆ ಕೊಡುವುದು ಇದರಿಂದಲೇ.

ಭತ್ತ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ 1950ರ ದಶಕದಿಂದ ಈ ಒಣನಾಡಿಗೆ ನೀರು ತಂದಿತು. ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪ್’ಗಳು ಎದ್ದವು, ಸಿಂಧನೂರು ಭತ್ತದ ನಾಡಾಯಿತು. ವರ್ಷಕ್ಕೆ ಎರಡು ಬೆಳೆ, ಸದಾ ತೇವ, ಹೆಚ್ಚು ಸಾರಜನಕ ಗೊಬ್ಬರ ಒಟ್ಟುಗೂಡಿದ ಇಂಥ ಗದ್ದೆ ಕಂದು ಜಿಗಿಹುಳು, ಬೆಂಕಿರೋಗ, ಎಲೆಕವಚದ ಅಂಗಮಾರಿ ಮತ್ತು ದುಂಡಾಣು ಅಂಗಮಾರಿಗೆ ಅನುಕೂಲವಾದ ನೆಲೆ. ಜಿಗಿಹುಳುವಿನ ಮೇಲೆ ಬೇವಿನ ಎಣ್ಣೆಯ ಉಪಯೋಗಕ್ಕೆ ಆಧಾರವಿದೆ. ಬೆಂಕಿರೋಗ ಮತ್ತು ದುಂಡಾಣು ಅಂಗಮಾರಿಯ ರೋಗಾಣುಗಳನ್ನು ಬೇವಿನ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ತಡೆಯುತ್ತದೆ. ಆದರೆ ಮಳೆ, ಬಿಸಿಲು ಮತ್ತು ರೋಗದ ಒತ್ತಡವಿರುವ ಗದ್ದೆಯಲ್ಲಿ ಸಂಶ್ಲೇಷಿತ ಶಿಲೀಂಧ್ರನಾಶಕಕ್ಕೆ ಸರಿಸಮನಾದ ರಕ್ಷಣೆಯನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ತಟ್ಟೆಯಲ್ಲಿ ಕಂಡ ನಿರೋಧಕ ವಲಯವನ್ನೇ ಹೊಲದ ಫಲಿತಾಂಶವೆಂದು ಪ್ರಚಾರ ಮಾಡುವುದು ಬೇವಿಗೆ ಒಳಿತು ಮಾಡಿಲ್ಲ.

ದುಂಡಾಣು ಅಂಗಮಾರಿಯ ವಿಷಯದಲ್ಲಿ ಪರ್ಯಾಯದ ಅಗತ್ಯ ತುರ್ತಿನದು. ಈ ರೋಗಕ್ಕೆ ರೂಢಿಯಲ್ಲಿದ್ದ ಸಿಂಪಡಣೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಮಿಶ್ರಣ, ಅಂದರೆ ಮನುಷ್ಯರ ಚಿಕಿತ್ಸೆಗೆ ಬಳಸುವ ಆಂಟಿಬಯೋಟಿಕ್‌ಗಳೇ. ಇವು ಗದ್ದೆಯ ನೀರಿಗೆ ಸೇರಿದಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಈ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು. ರೋಗ ತಡೆದುಕೊಳ್ಳುವ ತಳಿ, ಮಿತವಾದ ಯೂರಿಯಾ, ನೀರು ಬಸಿಯುವ ಕ್ರಮಗಳ ಜೊತೆ ಬೇವು ಒಂದು ಪೂರಕ ಕ್ರಮವಾಗಿ ಮಾತ್ರ ಇಲ್ಲಿ ನಿಲ್ಲುತ್ತದೆ.

ಯೂರಿಯಾದ ಲೇಪನ. ಬೇವಿನ ಸೂಕ್ಷ್ಮಜೀವಿನಿರೋಧಕ ಗುಣವನ್ನು ಅತಿ ವಿಸ್ತಾರವಾಗಿ ಬಳಸಿಕೊಂಡಿರುವ ಕ್ಷೇತ್ರ ಇದು. ಆದರೂ ಅದನ್ನು ಆ ದೃಷ್ಟಿಯಿಂದ ನೋಡುವವರು ವಿರಳ. ಗದ್ದೆಗೆ ಹಾಕಿದ ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಮಣ್ಣಿನ ನೈಟ್ರೊಸೊಮೋನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ನೀರಿನೊಂದಿಗೆ ಕೆಳಗಿಳಿದು ಹೋಗುತ್ತದೆ, ಇಲ್ಲವೇ ಅನಿಲವಾಗಿ ಗಾಳಿ ಸೇರುತ್ತದೆ. ಬೇವಿನ ಕಹಿ ಅಂಶಗಳು ಆ ಬ್ಯಾಕ್ಟೀರಿಯಾಗಳ ಚಟುವಟಿಕೆಯನ್ನು ಕೆಲಕಾಲ ತಗ್ಗಿಸುವುದರಿಂದ ಸಾರಜನಕ ಬೆಳೆಗೆ ಹೆಚ್ಚು ದಿನ ದಕ್ಕುತ್ತದೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರಾಜೇಂದ್ರ ಪ್ರಸಾದ್ ಮತ್ತು ಸಂಗಡಿಗರು ಬೇವಿನ ಹಿಂಡಿ ಲೇಪಿಸಿದ ಯೂರಿಯಾದ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದರು. 2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪನವನ್ನು ಕಡ್ಡಾಯ ಮಾಡಿತು. ಸಿಂಧನೂರಿನ ಗದ್ದೆಗೆ ಬೀಳುವ ಪ್ರತಿ ಚೀಲ ಯೂರಿಯಾದಲ್ಲೂ ಬೇವು ಹೀಗೆ ಸೇರಿಕೊಂಡಿದೆ.

ಕಾಳಿನ ಸಂಗ್ರಹ. ಜೋಳ, ತೊಗರಿ, ಕಡಲೆಗಳ ನಡುವೆ ಒಣಗಿದ ಬೇವಿನ ಎಲೆ ಹರಡುವುದು ಉತ್ತರ ಕರ್ನಾಟಕದ ಹಳೆಯ ಪದ್ಧತಿ. ನೆಲದೊಳಗಿನ ಹಗೇವುಗಳು ಮರೆಯಾದ ಮೇಲೂ ಗೋಣಿಚೀಲ, ಡಬ್ಬಿಗಳಲ್ಲಿ ಅದು ಉಳಿದಿದೆ. ದ್ವಿದಳ ಕಾಳುಗಳಿಗೆ ಸ್ವಲ್ಪ ಬೇವಿನ ಎಣ್ಣೆ ಸವರುವುದರಿಂದ ಕಾಳಿನ ಮೇಲೆ ಮೊಟ್ಟೆಯಿಡುವ ನುಸಿಯನ್ನು ತಡೆಯಬಹುದು. ಬಿತ್ತನೆ ಬೀಜಕ್ಕೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ.

ಮನೆ ಮತ್ತು ವೈದ್ಯ. ಹಲ್ಲುಜ್ಜುವ ಬೇವಿನ ಕಡ್ಡಿ, ಸಿಡುಬು ಮತ್ತು ದಡಾರದ ಕಾಲದ ಬೇವಿನ ಸೊಪ್ಪು, ಎಲೆ ಹಾಕಿ ಕಾಯಿಸಿದ ಸ್ನಾನದ ನೀರು ಕರ್ನಾಟಕದ ಎಲ್ಲ ಕಡೆಯೂ ಪರಿಚಿತ. ಹಲ್ಲು ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾದ ಮೇಲೆ ಬೇವಿನ ಸಾರದ ಪರಿಣಾಮ ಪ್ರಯೋಗಗಳಲ್ಲಿ ಕಂಡುಬಂದಿದೆ. ಸಿಡುಬಿಗೆ ಬೇವು ಔಷಧವೆಂಬುದಕ್ಕೆ ಅಂಥ ಆಧಾರವಿಲ್ಲ.

ಮಿತಿ ಮತ್ತು ಸುರಕ್ಷತೆ

ಅಜಾಡಿರಾಕ್ಟಿನ್ ಸಸ್ತನಿಗಳಿಗೆ ಅತಿ ಕಡಿಮೆ ವಿಷಕಾರಿ. ಆದರೆ ನೈಸರ್ಗಿಕವಾದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಬೇವಿನ ಎಣ್ಣೆಯ ವಿಷಯದಲ್ಲಿ ಪ್ರಾಣಾಂತಕ. ಹಸುಗೂಸುಗಳಿಗೆ ಎಣ್ಣೆ ಕುಡಿಸಿದಾಗ ವಾಂತಿ, ಸೆಳವು, ಮೆದುಳು ಮತ್ತು ಯಕೃತ್ತಿನ ಹಾನಿ ಉಂಟಾದ ಪ್ರಕರಣಗಳನ್ನು 1980ರ ದಶಕದ ಆರಂಭದಲ್ಲಿ ಮಲೇಷ್ಯಾದ ವೈದ್ಯರು ವರದಿ ಮಾಡಿದರು. ಭಾರತದಲ್ಲೂ ಅಂಥ ಪ್ರಕರಣಗಳು ದಾಖಲಾಗಿವೆ. ಮಕ್ಕಳಿಗೂ ಗರ್ಭಿಣಿಯರಿಗೂ ಬೇವಿನ ಎಣ್ಣೆಯನ್ನು ಹೊಟ್ಟೆಗೆ ಕೊಡಬಾರದು. ಮೀನುಗಳಿಗೂ ಅದು ಹಾನಿಕರವಾದ್ದರಿಂದ ಕೆರೆ, ಕಾಲುವೆಗಳ ಅಂಚಿನಲ್ಲಿ ಎಚ್ಚರ ಬೇಕು.

ತೇವದಲ್ಲಿ ಕೂಡಿಟ್ಟ ಬೇವಿನ ಬೀಜಕ್ಕೆ ಆಸ್ಪರ್ಜಿಲಸ್ ಶಿಲೀಂಧ್ರ ಹತ್ತಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಇದೇ ವಿಷದ ಉತ್ಪಾದನೆಯನ್ನು ಬೇವಿನ ಎಲೆಯ ಸಾರ ತಗ್ಗಿಸಬಲ್ಲದೆಂದು 1988ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದರು. ಎಲೆಯ ಗುಣ ಬೀಜಕ್ಕೆ, ಬೀಜದ ಗುಣ ಎಲೆಗೆ ತಾನಾಗಿ ಬರುವುದಿಲ್ಲ.

ಇದಕ್ಕಿಂತ ಗಂಭೀರವಾದ ಅಡ್ಡಿ ಮಾರುಕಟ್ಟೆಯದು. ‘ಜೈವಿಕ’ ಎಂಬ ಹಣೆಪಟ್ಟಿಯಡಿ ಸಂಶ್ಲೇಷಿತ ಕೀಟನಾಶಕ ಬೆರೆಸಿದ ದ್ರಾವಣಗಳು ಮಾರಾಟವಾಗುತ್ತವೆ. ಹೊಡೆದ ಸಂಜೆಯೇ ಹುಳು ಸತ್ತು ಬೀಳುವ ‘ಬೇವಿನ ಔಷಧ’ವನ್ನು ಅನುಮಾನದಿಂದಲೇ ನೋಡಬೇಕು. ಇಂಥ ಕಲಬೆರಕೆಯನ್ನು ಪತ್ತೆಮಾಡಲು ಅಗತ್ಯವಾದ ಕೀಟನಾಶಕ ಶೇಷಾಂಶ ವಿಶ್ಲೇಷಣಾ ಪ್ರಯೋಗಾಲಯ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿದೆ. ಸಂಶ್ಲೇಷಿತ ವಿಷದ ಪರಿಣಾಮ ಎಷ್ಟು ದೂರ ಹೋಗಬಹುದೆಂಬುದಕ್ಕೆ ಕನ್ನಡ ನಾಡಿನ ಅಂಚಿನಲ್ಲೇ ಉದಾಹರಣೆಯಿದೆ: ಕಾಸರಗೋಡಿನ ಗೇರುತೋಟಗಳ ಮೇಲೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಣ್ಮಕಜೆ ಪಂಚಾಯಿತಿಯ ಪಡ್ರೆ ಮೊದಲಾದ ಹಳ್ಳಿಗಳ ಜನರನ್ನು ಬಾಧಿಸಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಬಳಕೆಯನ್ನು ತಡೆಹಿಡಿಯಿತು.

ಪೇಟೆಂಟ್ ವಿವಾದ

ಬೇವಿನ ಶಿಲೀಂಧ್ರನಿರೋಧಕ ಗುಣವೇ ಜಾಗತಿಕ ವ್ಯಾಜ್ಯವೊಂದರ ವಿಷಯವಾಯಿತು. ಅಜಾಡಿರಾಕ್ಟಿನ್ ಆಧಾರಿತ ಮೊದಲ ತಯಾರಿಕೆ ಮಾರ್ಗೋಸಾನ್-ಓಗೆ 1985ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆಹಾರೇತರ ಬೆಳೆಗಳಿಗೆ ಅನುಮತಿ ಕೊಟ್ಟಿತ್ತು. ಆ ಉತ್ಪನ್ನದ ಹಕ್ಕು ಡಬ್ಲ್ಯು.ಆರ್. ಗ್ರೇಸ್ ಕಂಪನಿಗೆ ಸೇರಿತು, ಕಂಪನಿ ಪಿ.ಜೆ. ಮಾರ್ಗೋ ಸಂಸ್ಥೆಯೊಂದಿಗೆ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಘಟಕವನ್ನು ಹೊಂದಿತ್ತು. ಬೇವಿನ ಎಣ್ಣೆಯಿಂದ ಸಸ್ಯಗಳ ಮೇಲಿನ ಶಿಲೀಂಧ್ರವನ್ನು ನಿಯಂತ್ರಿಸುವ ವಿಧಾನಕ್ಕೆ ಇದೇ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಜಂಟಿಯಾಗಿ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದವು.

ಪರಿಸರ ಹೋರಾಟಗಾರ್ತಿ ವಂದನಾ ಶಿವ, ಯುರೋಪ್ ಸಂಸತ್ತಿನ ಸದಸ್ಯೆ ಮಗ್ದಾ ಆಲ್ವುಟ್ ಮತ್ತು ಸಾವಯವ ಕೃಷಿ ಸಂಘಟನೆಗಳ ಅಂತರರಾಷ್ಟ್ರೀಯ ಒಕ್ಕೂಟ 1995ರಲ್ಲಿ ಆಕ್ಷೇಪ ಸಲ್ಲಿಸಿದರು. ಕರ್ನಾಟಕದಲ್ಲಿ ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘ ಬೀಜ ಮತ್ತು ಪೇಟೆಂಟ್‌ಗಳ ವಿರುದ್ಧ 1990ರ ದಶಕದ ಆರಂಭದಿಂದಲೇ ಚಳವಳಿ ನಡೆಸಿತ್ತು. 2000ದ ಮೇ ತಿಂಗಳಲ್ಲಿ ಮ್ಯೂನಿಕ್‌ನ ಯುರೋಪಿಯನ್ ಪೇಟೆಂಟ್ ಕಚೇರಿ ಪೇಟೆಂಟನ್ನು ರದ್ದುಗೊಳಿಸಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ವಜಾ ಆಯಿತು. ಬಳಕೆ ಮೊದಲೇ ತಿಳಿದಿದ್ದುದು ಎಂಬುದೇ ವಾದದ ತಿರುಳಾಗಿತ್ತು. ಬೇವಿಗೆ ಸಂಬಂಧಿಸಿದ ಅಮೆರಿಕದ ಪೇಟೆಂಟ್‌ಗಳಿಗೆ ಈ ತೀರ್ಪು ಅನ್ವಯಿಸಲಿಲ್ಲ.

ಕಡಲಪಾಚಿಯ ಸಂಯುಕ್ತಗಳು

ಬೇವಿನಂತೆಯೇ ಪರ್ಯಾಯವಾಗಿ ಅಧ್ಯಯನಕ್ಕೆ ಒಳಗಾಗಿರುವ ಇನ್ನೊಂದು ಮೂಲ ಕಡಲಪಾಚಿ. ಕಾರವಾರದಿಂದ ಉಳ್ಳಾಲದವರೆಗಿನ ಬಂಡೆಗಳ ತೀರದಲ್ಲಿ ಉಲ್ವಾ, ಸರ್ಗಾಸಮ್, ಗ್ರಾಸಿಲೇರಿಯಾ ಮೊದಲಾದವು ಬೆಳೆಯುತ್ತವೆ. ಕಂದುಪಾಚಿಗಳ ಫ್ಲೋರೊಟ್ಯಾನಿನ್‌ಗಳು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಆಸ್ಟ್ರೇಲಿಯಾದ ಡೆಲಿಸಿಯಾ ಪುಲ್‌ಕ್ರಾ ಎಂಬ ಕೆಂಪುಪಾಚಿಯ ಬ್ರೋಮಿನ್‌ಯುಕ್ತ ಫ್ಯೂರನೋನ್‌ಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲದೆ ಅವುಗಳ ನಡುವಿನ ರಾಸಾಯನಿಕ ಸಂಕೇತಗಳನ್ನು ಕೆಡಿಸುತ್ತವೆ. ಕಂದುಪಾಚಿಯ ಲ್ಯಾಮಿನಾರಿನ್ ಗಿಡದ ಸ್ವಂತ ರಕ್ಷಣೆಯನ್ನು ಎಚ್ಚರಿಸುತ್ತದೆ. ಒಳನಾಡಿನ ಭತ್ತದ ಗದ್ದೆಗೆ ಕಡಲಪಾಚಿ ತಲುಪುವುದು ರಸಗೊಬ್ಬರ ಸಹಕಾರ ಸಂಸ್ಥೆ ಇಫ್ಕೊದ ‘ಸಾಗರಿಕಾ’ದಂಥ ಬೆಳವಣಿಗೆ ಪ್ರಚೋದಕಗಳ ರೂಪದಲ್ಲಿ. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದ ಈ ವರ್ಗದ ವಸ್ತುಗಳನ್ನು ರೋಗನಾಶಕಗಳೆಂದು ಮಾರುವಂತಿಲ್ಲ. ಮರ ಬದುವಿನಲ್ಲೇ ಇರುವ ನಾಡಿನಲ್ಲಿ ಕಡಲಪಾಚಿಯ ಮುಂದೆ ಬೇವಿಗೆ ಇರುವ ಮೇಲುಗೈ ದೂರ ಮತ್ತು ವೆಚ್ಚದ್ದು.

ಇಂದಿನ ಸ್ಥಿತಿ

ಬೇವಿನ ತಳಿಗುಣದ ಅಧ್ಯಯನದಲ್ಲಿ ಕರ್ನಾಟಕದ ಪಾಲು ಗಣನೀಯ. ಬೆಂಗಳೂರಿನ ಗಣಿತ್ ಲ್ಯಾಬ್ಸ್ ಬೇವಿನ ಜೀನೋಮನ್ನು ಓದಿ ಅದರ ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿತು. ಸುಮಾರು 20,000 ಜೀನ್‌ಗಳು ಗುರುತಾದವು. ಲಿಮೊನಾಯ್ಡ್‌ಗಳನ್ನು ಕಟ್ಟುವ ಕಿಣ್ವಗಳ ಜೀನ್‌ಗಳು ತಿಳಿದಂತೆಲ್ಲ, ಮರವಿಲ್ಲದೆ ಯೀಸ್ಟ್ ಅಥವಾ ತಂಬಾಕು ಗಿಡದಲ್ಲಿ ಅವುಗಳನ್ನು ತಯಾರಿಸುವ ಪ್ರಯತ್ನಗಳಿಗೆ ದಾರಿ ತೆರೆಯುತ್ತಿದೆ. ಒಂದು ಮರದ ಬೀಜಕ್ಕೂ ಇನ್ನೊಂದರ ಬೀಜಕ್ಕೂ ಅಜಾಡಿರಾಕ್ಟಿನ್ ಅಂಶದಲ್ಲಿ ಹಲವು ಪಟ್ಟು ವ್ಯತ್ಯಾಸವಿರುವುದರಿಂದ, ಹೆಚ್ಚು ಅಂಶವಿರುವ ಮರಗಳನ್ನು ಗುರುತಿಸಿ ಬೆಳೆಸುವುದು ಸದ್ಯಕ್ಕೆ ಇದಕ್ಕಿಂತ ಹತ್ತಿರದ ದಾರಿ.

ಈ ಮರಕ್ಕೂ ಶಿಲೀಂಧ್ರರೋಗ ಬಡಿದಿದೆ. ಕೊಂಬೆಗಳ ತುದಿಯಿಂದ ಒಣಗುತ್ತ ಬರುವ ರೋಗಕ್ಕೆ ಕಾರಣವಾದ ಫೋಮಾಪ್ಸಿಸ್ ಅಜಾಡಿರಾಕ್ಟೇ ಶಿಲೀಂಧ್ರವನ್ನು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಮಳೆಗಾಲದಲ್ಲಿ ಬಲಗೊಳ್ಳುವ ಈ ರೋಗ ಹೂ ಮತ್ತು ಹಣ್ಣನ್ನು ನಷ್ಟಮಾಡುತ್ತದೆ. ಎಳೆ ಚಿಗುರಿನ ರಸ ಹೀರುವ ಟೀ ಸೊಳ್ಳೆ ತಿಗಣೆಯೂ ಇದರ ಜೊತೆ ಸೇರಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ತೆಲಂಗಾಣ ಮತ್ತು ಕರ್ನಾಟಕದಲ್ಲಿ ಸಾಲುಸಾಲು ಬೇವಿನ ಮರಗಳು ಒಣಗಿದಂತೆ ಕಂಡವು. ಅವುಗಳಲ್ಲಿ ಹಲವು ಬೇಸಿಗೆಯಲ್ಲಿ ಮತ್ತೆ ಚಿಗುರಿದವು. ರೋಗ ತಗುಲಿದ ರೆಂಬೆಗಳನ್ನು ಕತ್ತರಿಸಿ ಸುಡುವುದು, ಗಾಯಕ್ಕೆ ಶಿಲೀಂಧ್ರನಾಶಕ ಹಚ್ಚುವುದು ಈಗಿರುವ ಉಪಾಯ. ನರ್ಸರಿಯ ಸಸಿಗಳಿಗೆ ಇದನ್ನು ಮಾಡಬಹುದು. ರಸ್ತೆಬದಿಯ ಮತ್ತು ಹೊಲದಂಚಿನ ದೊಡ್ಡ ಮರಗಳಿಗೆ ಮಾಡುವುದು ಕಷ್ಟ. ಆ ಮರಗಳ ಬೀಜವನ್ನೇ ನೆಚ್ಚಿರುವ ಗಾಣ ಮತ್ತು ಯೂರಿಯಾ ಲೇಪನದ ಎಣ್ಣೆ ಘಟಕಗಳಿಗೆ ಹಣ್ಣಿನ ಫಸಲು ಇಳಿದ ವರ್ಷ ಕಚ್ಚಾವಸ್ತು ಕಡಿಮೆ ಬೀಳುತ್ತದೆ.